ಚದರಕ್ಕೆ ಎಷ್ಟಾಯ್ತು?

ಬೆಂಗಳೂರಿನ ಪಶ್ಚಿಮಕ್ಕಿರುವ ಯಾವುದಾದರೂ ಹಳೆಯ ಬಡಾವಣೆಯಲ್ಲಿ ತಾರಸಿ ಹತ್ತಿ ಸುತ್ತ ಕಣ್ಣಾಡಿಸಿ. ಮೂರು ನಾಲ್ಕು ಅಂತಸ್ತಿನ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಒಂದೇ ಅಂತಸ್ತಿಗೆ ನಿಂತ ಮನೆ ಸಿಗುತ್ತದೆ. ಅದರ ಮೂಲೆಗಳಲ್ಲಿ ಸೊಂಟದೆತ್ತರಕ್ಕೆ ಕಂಬಿಗಳು ಎದ್ದು ನಿಂತಿರುತ್ತವೆ. ಕೆಲವಕ್ಕೆ ತುಕ್ಕು ಹಿಡಿಯದಿರಲೆಂದು ಸಿಮೆಂಟಿನ ಹಾಲು ಬಳಿದಿದ್ದಾರೆ, ಕೆಲವಕ್ಕೆ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಬಟ್ಟೆ ಒಣಹಾಕುವ ಹಗ್ಗ. ಮಗಳ ಮದುವೆ ಮುಗಿಯಲಿ, ಮಗ ಒಂದು ದಾರಿಗೆ ಬರಲಿ, ಕೆಳಗಿನ ಮನೆಯ ಸಾಲ ತೀರಲಿ, ಆಮೇಲೆ ನೋಡೋಣ ಎಂದು ಬಿಟ್ಟ ಕಂಬಿಗಳವು. ನಮ್ಮಲ್ಲಿ ಮನೆ ಕಟ್ಟಿ ಮುಗಿಸಿದೆ ಎನ್ನುವವರು ಕಡಿಮೆ. ಸದ್ಯಕ್ಕೆ ಇಷ್ಟು ಆಯಿತು ಎನ್ನುವವರೇ ಹೆಚ್ಚು.

ನಮ್ಮ ಬೀದಿಯಲ್ಲಿ ಅಂಥದ್ದು ಉಳಿದಿದ್ದುದು ಒಂದೇ. ಯಜಮಾನರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬಿಡಿಎ ಹಂಚಿದ ಮೂವತ್ತು–ನಲವತ್ತರ ಸೈಟು, 1983ರಲ್ಲಿ ಕಟ್ಟಿದ ಮನೆ. ಲೀಸ್ ಕಮ್ ಸೇಲ್ ಕರಾರಿನಿಂದ ಹಿಡಿದು ಹತ್ತು ವರ್ಷದ ಮೇಲೆ ಕೈಗೆ ಬಂದ ಶುದ್ಧ ಕ್ರಯಪತ್ರದವರೆಗೆ ಒಂದು ಚೂರೂ ಹರಿಯದಂತೆ ಟ್ರಂಕಿನಲ್ಲಿಟ್ಟವರು. ಕಂದಾಯದ ರಸೀದಿಗಳನ್ನು ವರ್ಷವಾರು ದಾರ ಪೋಣಿಸಿ ಕಟ್ಟಿಟ್ಟಿದ್ದಾರೆ. ಹಿಂದಿನ ವರ್ಷ ಮಗನಿಗೆ ಹೆಣ್ಣು ಗೊತ್ತಾಯಿತು. ಮೇಲೆ ಕಟ್ಟುವ ಮಾತು ಅಲ್ಲಿಂದ ಶುರು. ಮೇಲಿನ ಮನೆ ಮಗ ಸೊಸೆಗೆಂದು ಆ ಮನೆಯ ಅಮ್ಮನ ಮನಸ್ಸಿನಲ್ಲಿತ್ತು. ಬಾಡಿಗೆಗೆಂದು ಯಜಮಾನರ ಮನಸ್ಸಿನಲ್ಲಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಆದ್ದರಿಂದ ಕೆಲಸ ಸುಸೂತ್ರವಾಗಿ ಆರಂಭವಾಯಿತು.

ಮೊದಲು ಬಂದದ್ದು ಮೇಸ್ತ್ರಿಯಲ್ಲ, ಎಂಜಿನಿಯರ್. ಇದಕ್ಕೇ ಬೀದಿಯವರಿಗೆ ಅಚ್ಚರಿ. ಸಾಮಾನ್ಯವಾಗಿ ಮೇಸ್ತ್ರಿ ಬರುತ್ತಾನೆ, ಕಂಬಿಯನ್ನು ಒಮ್ಮೆ ಅಲ್ಲಾಡಿಸಿ "ಗಟ್ಟಿ ಐತೆ ಸಾರ್" ಎನ್ನುತ್ತಾನೆ, ಅಡ್ವಾನ್ಸ್ ಕೇಳುತ್ತಾನೆ. ಇಲ್ಲಿ ಬಂದವಳು ಇಪ್ಪತ್ತೆಂಟರ ಯುವತಿ. ಬೆನ್ನಿಗೊಂದು ಚೀಲ, ಕೈಯಲ್ಲಿ ಟೇಪು. ಹಳೆಯ ಮಂಜೂರಾದ ನಕ್ಷೆ ಕೊಡಿ ಎಂದಳು. ಟ್ರಂಕು ತೆರೆಯಿತು. ಮಡಿಕೆಗಳಲ್ಲಿ ಬಿಳಿಚಿಕೊಂಡ ಹಳೆಯ ಬ್ಲೂಪ್ರಿಂಟು, ಮೂಲೆಯಲ್ಲಿ ರಬ್ಬರ್ ಮೊಹರು. ಅದನ್ನು ಹಾಲಿನ ನೆಲದ ಮೇಲೆ ಹಾಸಿ, ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟು, ಅವಳು ಮನೆಯನ್ನು ಅಳೆಯತೊಡಗಿದಳು.

ಕಾಗದದ ಮನೆಗೂ ನೆಲದ ಮನೆಗೂ ಇರುವ ಅಂತರ ಟೇಪು ಹಿಡಿದಾಗಷ್ಟೇ ಗೊತ್ತಾಗುತ್ತದೆ. ನಕ್ಷೆಯಲ್ಲಿ ಅಡುಗೆಮನೆಯ ಹಿಂದೆ ಖಾಲಿ ಜಾಗ. ನೆಲದ ಮೇಲೆ ಅಲ್ಲೊಂದು ಪಾತ್ರೆ ತೊಳೆಯುವ ಕಟ್ಟೆ, ವಾಷಿಂಗ್ ಮಷಿನ್, ಮೇಲೊಂದು ಪುಟ್ಟ ತಾರಸಿ. ಮೊದಲು ಶೀಟು ಹಾಕಿದ್ದರು, ಮಳೆಗೆ ಸದ್ದು ಬರುತ್ತದೆಂದು ಆಮೇಲೆ ಕಾಂಕ್ರೀಟು ಮಾಡಿಸಿದರು. ಪಕ್ಕದ ಓಣಿಗೆ ಒಂದಡಿ ಚಾಚಿಕೊಂಡ ದೇವರ ಗೂಡು ಬೇರೆ. ಇವೆಲ್ಲ ಕದ್ದು ಕಟ್ಟಿದವೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಎದುರು ಮನೆಯವರು ಕಟ್ಟಿದ್ದರು, ಇವರೂ ಕಟ್ಟಿದರು.

ವಾರದ ಮೇಲೆ ಅವಳು ಹೊಸ ನಕ್ಷೆಯ ಕರಡು ತಂದಳು. ಈಗಿರುವ ಗೋಡೆ ಕಪ್ಪು, ಹೊಸದಾಗಿ ಕಟ್ಟುವುದು ಕೆಂಪು, ಕೆಡವಬೇಕಾದ್ದು ಹಳದಿ ಗೆರೆ. ದೇಶದಲ್ಲೆಲ್ಲ ನಕ್ಷೆ ಬರೆಯುವವರ ಬಣ್ಣದ ಪದ್ಧತಿ ಇದೇ. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದರು.

"ಇದೇನಮ್ಮಾ, ಇಲ್ಲಿ ಹಳದಿ?"

"ಅದು ತೆಗೀಬೇಕು ಆಂಟಿ."

"ತೆಗೆದ್ರೆ ನಾನು ಪಾತ್ರೆ ಎಲ್ಲಿ ತೊಳೀಲಿ?"

ಹುಡುಗಿ ಯಜಮಾನರ ಮುಖ ನೋಡಿದಳು. ಯಜಮಾನರು ನಕ್ಷೆ ನೋಡಿದರು. ಅವಳು ಪೆನ್ಸಿಲ್ ತೆಗೆದು ಅಂಚಿನಲ್ಲಿ ಲೆಕ್ಕ ಬರೆದು ತೋರಿಸಿದಳು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಂತೆ ಇಂಥ ಸಣ್ಣ ವಸತಿ ನಿವೇಶನದಲ್ಲಿ ಮುಕ್ಕಾಲು ಭಾಗದ ಮೇಲೆ ಮಾತ್ರ ಕಟ್ಟಡ ನಿಲ್ಲಬಹುದು. 1,200 ಚದರ ಅಡಿಗೆ 900. ಎಲ್ಲ ಅಂತಸ್ತು ಸೇರಿ ನಿವೇಶನದ 1.75 ಪಟ್ಟು, ಅಂದರೆ 2,100. ಮನೆ ಅಳೆದಾಗ ಸಿಕ್ಕಿದ್ದು 960. ಅರವತ್ತು ಹೆಚ್ಚಾಯಿತು. 2003ರ ಕಟ್ಟಡ ಬೈಲಾ ಶೇ 5ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುತ್ತಿತ್ತು. ಇದು ಆರೂವರೆ ದಾಟಿದೆ. ಎಂಟಡಿ–ಆರಡಿಯ ಆ ಪಾತ್ರೆ ಜಾಗ ಹೋದರೆ 912ಕ್ಕೆ ಇಳಿಯುತ್ತದೆ, ಮಾತು ಮುಗಿಯುತ್ತದೆ.

"ಹಾಗಾದ್ರೆ ಎದುರು ಮನೆ ನಾಲ್ಕು ಮಹಡಿ ಹೇಗೆ ಎದ್ದಿತು?" ಅಮ್ಮನ ಈ ಪ್ರಶ್ನೆಗೆ ಆ ಹಾಲಿನಲ್ಲಿ ಉತ್ತರವಿರಲಿಲ್ಲ. ಬೀದಿಯ ಮಧ್ಯೆ ನಿಂತು ತಲೆಯೆತ್ತಿ ನೋಡಿದರೆ 1.75 ಎಂಬ ಸಂಖ್ಯೆ ಎಲ್ಲೂ ಕಾಣುವುದಿಲ್ಲ. ಹೀಗೆ ಮಿತಿ ಮೀರಿ ಕಟ್ಟಿದವರಲ್ಲಿ ಬಹುಪಾಲು ಜನ ಬಹಳ ಕಾಲ 'ಅಕ್ರಮ–ಸಕ್ರಮ'ದ ದಾರಿ ಕಾಯುತ್ತ ಕುಳಿತವರು. ವಾಸದ ಮನೆಯಾದರೆ ಶೇ 50ರವರೆಗಿನ ಉಲ್ಲಂಘನೆಯನ್ನೂ ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯದು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಸರ್ಕಾರ ಇವತ್ತಲ್ಲ ನಾಳೆ ಸಕ್ರಮ ಮಾಡಿಯೇ ಮಾಡುತ್ತದೆ ಎಂಬ ಭರವಸೆ ಇದ್ದಲ್ಲಿ ನಕ್ಷೆಯನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ನನ್ನ ಅಂದಾಜಿನಲ್ಲಿ ಲಂಚಕ್ಕಿಂತ ಹೆಚ್ಚಾಗಿ ಈ ಭರವಸೆಯೇ ನಮ್ಮ ಬೀದಿಗಳ ಗಾಳಿ ಬೆಳಕು ತಿಂದದ್ದು.

ನಕ್ಷೆಗಿಂತ ದೊಡ್ಡ ಸುದ್ದಿ ಪಾಯದ ಬುಡದಲ್ಲಿತ್ತು. ಗೋಡೆಯ ಹೊರಮಗ್ಗುಲಿಗೆ ಒಂದು ಗುಂಡಿ ತೋಡಿಸಿ ನೋಡಬೇಕೆಂದು ಎಂಜಿನಿಯರ್ ಹಠ ಹಿಡಿದಳು. ಯಜಮಾನರಿಗೆ ಅದು ದಂಡದ ಖರ್ಚೆನಿಸಿತು. ಕಂಬಿ ಬಿಟ್ಟಿದೆಯಲ್ಲ, ಇನ್ನೇನು? ಆಳೊಬ್ಬ ಬಂದು ತುಳಸಿಕಟ್ಟೆಯ ಪಕ್ಕ ಮೂರಡಿ ಅಗಲಕ್ಕೆ ಅಗೆದ. ಮೊದಲು ಗಾರೆಯ ಚೂರು, ಒಡೆದ ಹೆಂಚು, ಆಮೇಲೆ ಕೆಮ್ಮಣ್ಣು. ಆಳಕ್ಕೆ ಹೋದಂತೆ ಸೈಜುಗಲ್ಲಿನ ವರಸೆ ಕಾಣಿಸಿತು. ಕಲ್ಲು ಕಲ್ಲಿನ ಸಂದಿಗೆ ಹಾಕಿದ ಗಾರೆ ಇನ್ನೂ ಬಿಗಿಯಾಗಿತ್ತು. ಅವಳು ಗುಂಡಿಗಿಳಿದು ಕಬ್ಬಿಣದ ಸಲಾಕೆಯಿಂದ ಕುಟ್ಟಿದಳು, ಮೊಬೈಲಿನ ಬೆಳಕು ಬಿಟ್ಟು ಫೋಟೊ ತೆಗೆದಳು. ಆಮೇಲೆ ತಾರಸಿ ಹತ್ತಿ ಕಂಬಿಯ ಬುಡದಲ್ಲಿ ಉಳಿ ಹಿಡಿಸಿ ಸ್ವಲ್ಪ ಬಿಡಿಸಿ ನೋಡಿದಳು.

ಕಂಬಿಗಳು ಕೆಳಗೆ ಪಾಯಕ್ಕೆ ಇಳಿದೇ ಇರಲಿಲ್ಲ. ಲಿಂಟಲ್ ಮಟ್ಟದಿಂದ ಎದ್ದ ತೆಳು ಕಂಬಿ, ಅಷ್ಟೇ. ಆ ಮನೆಯಲ್ಲಿ ಕಂಬವೇ ಇಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ತಾರಸಿ ಹೊತ್ತಿವೆ. 1983ರ ಮೇಸ್ತ್ರಿ ಮನೆಯವರ ಸಮಾಧಾನಕ್ಕೆ ನಾಲ್ಕು ಮೂಲೆಯಲ್ಲಿ ಕಂಬಿ ನೆಟ್ಟುಹೋಗಿದ್ದ. ಅಷ್ಟು ವರ್ಷ ಸಿಮೆಂಟಿನ ಹಾಲು ಬಳಿದದ್ದು ಆ ಸಮಾಧಾನಕ್ಕೆ.

ಗಾಬರಿಯಾಗಬೇಕಿಲ್ಲ ಎಂದಳು ಅವಳು. ಕಲ್ಲಿನ ಪಾಯ, ಒಂಬತ್ತಿಂಚಿನ ಗೋಡೆ, ಒಂದು ಅಂತಸ್ತನ್ನು ಹೊರುತ್ತದೆ. ಎರಡನ್ನು ಹೊರುವುದಿಲ್ಲ. ಆದರೆ ಗೋಡೆಯ ಮೇಲೆ ಗೋಡೆಯೇ ಬರಬೇಕು. ಮಗನಿಗೆ ಬೇಕಿದ್ದ ಒಂದೇ ದೊಡ್ಡ ಹಾಲ್ ಅಲ್ಲಿಗೆ ಸತ್ತಿತು, ಕೆಳಗಿನ ಮನೆಯ ಅಚ್ಚೇ ಮೇಲೂ ಬಂತು. ಹೊರೆ ಹೊರುವ ಗೋಡೆಗೆ ಸಾಲಿಡ್ ಬ್ಲಾಕು, ಒಳಗಿನ ಅಡ್ಡಗೋಡೆಗೆ ಹಗುರಾದ ಎಎಸಿ ಬ್ಲಾಕು. ಘನ ಮೀಟರಿಗೆ ಮೊದಲನೆಯದು ಎರಡು ಸಾವಿರ ಕೆಜಿಯ ಆಸುಪಾಸು, ಎರಡನೆಯದು ಆರುನೂರರ ಆಸುಪಾಸು. ಹೊಸ ತಾರಸಿಯ ಬರೀ ಕಾಂಕ್ರೀಟೇ ಐದಿಂಚು ದಪ್ಪಕ್ಕೆ ಸುಮಾರು 25 ಟನ್ ತೂಗುತ್ತದೆ ಎಂದು ಅವಳು ಲೆಕ್ಕ ಹಾಕಿ ಹೇಳಿದಾಗ ಯಜಮಾನರು ಒಮ್ಮೆ ತಲೆಯೆತ್ತಿ ತಮ್ಮ ಹಾಲಿನ ಚಾವಣಿ ನೋಡಿಕೊಂಡರು. ಗುಂಡಿಗೆ, ಪರೀಕ್ಷೆಗೆ, ಅವಳ ಫೀಸಿಗೆ ಆದ ಖರ್ಚು ಆಮೇಲೆ ಮಹಡಿಯ ಗ್ರಿಲ್ಲಿಗೆ ಸುರಿದ ದುಡ್ಡಿನ ಅರ್ಧವೂ ಆಗಲಿಲ್ಲ. ಆ ಒಂದು ಖರ್ಚನ್ನು ಉಳಿಸಲು ನಮ್ಮ ಜನ ಪಡುವ ಪಾಡು ನೋಡಿದರೆ ಅಯ್ಯೋ ಅನಿಸುತ್ತದೆ.

ಪರವಾನಗಿಯ ಕಥೆ ಉದ್ದವಾಗಬಹುದು, ಚಿಕ್ಕದಾಗಿ ಹೇಳುತ್ತೇನೆ. ಈಗ ಅರ್ಜಿ ಆನ್‌ಲೈನ್. ಕ್ರಯಪತ್ರ, ಇ–ಖಾತಾ, ಋಣಭಾರ ಪತ್ರ, ಕಂದಾಯ ರಸೀದಿ ಎಲ್ಲ ಸ್ಕ್ಯಾನ್ ಆಗಬೇಕು. 2024ರಿಂದ 'ನಂಬಿಕೆ ನಕ್ಷೆ' ಎಂಬ ವ್ಯವಸ್ಥೆ ಬಂದಿದೆ. ಐವತ್ತು–ಎಂಬತ್ತರವರೆಗಿನ ವಸತಿ ನಿವೇಶನಕ್ಕೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ತಾನೇ ದೃಢೀಕರಿಸಿ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು, ಅಧಿಕಾರಿಗಳ ಪರಿಶೀಲನೆ ಆಮೇಲೆ. ಇವರದ್ದು ಹಳೆಯ ಕಟ್ಟಡದ ಮೇಲೆ ಹೊಸದು. ಕಂಪ್ಯೂಟರಿಗೆ ಅದನ್ನು ಅರ್ಥಮಾಡಿಸುವುದರಲ್ಲೇ ಹುಡುಗಿಗೆ ಸಾಕುಸಾಕಾಯಿತು. ಖಾತಾದಲ್ಲಿ ಯಜಮಾನರ ತಂದೆಯ ಹೆಸರಿನ ಒಂದಕ್ಷರ ಕ್ರಯಪತ್ರಕ್ಕೆ ಹೊಂದಲಿಲ್ಲ, ಅದಕ್ಕೊಂದು ಅಫಿಡವಿಟ್. ಇವರ ಅರ್ಜಿ ನಡೆಯುತ್ತಿರುವಾಗಲೇ, 2025ರ ಸೆಪ್ಟೆಂಬರಿನಲ್ಲಿ, ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಕಚೇರಿಯ ಬೋರ್ಡು ಬದಲಾಯಿತು, ಮೇಜಿನ ಹಿಂದೆ ಕೂತವರು ಅವರೇ. ಶುಲ್ಕದ ಚಲನ್ನಿನಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಅಂದಾಜು ವೆಚ್ಚದ ಶೇ 1 ಎಂಬ ಸಾಲಿತ್ತು. ಆಗ ಜಾರಿಯಲ್ಲಿದ್ದ 1996ರ ಕಾಯ್ದೆಯಂತೆ ಸ್ವಂತ ವಾಸದ ಮನೆ ಹತ್ತು ಲಕ್ಷದೊಳಗಿದ್ದರೆ ಅದಿರಲಿಲ್ಲ. ಇವರದ್ದು ಹದಿನೇಳು ಲಕ್ಷ. ಯಜಮಾನರು ಗೊಣಗದೆ ಕಟ್ಟಿದ ಶುಲ್ಕ ಅದೊಂದೇ.

ಇನ್ನು ಮೇಸ್ತ್ರಿ. ನಮ್ಮ ಕಡೆ ಮನೆಯನ್ನು ಕೊಳ್ಳುವುದೂ ಕಟ್ಟುವುದೂ ಚದರದ ಲೆಕ್ಕದಲ್ಲಿ. ಒಂದು ಚದರ ಎಂದರೆ ನೂರು ಚದರ ಅಡಿ. ಮೇಲಿನ ಮನೆ ಎಂಟೂವರೆ ಚದರ. ಮೆಟೀರಿಯಲ್ ಸೇರಿ ಚದರಕ್ಕೆ ಎರಡು ಲಕ್ಷ ಎಂದು ಮಾತಾಯಿತು. ಇಪ್ಪತ್ತು ರೂಪಾಯಿಯ ಡೈರಿಯಲ್ಲಿ ಮೇಸ್ತ್ರಿ ಬರೆದುಕೊಂಡ, ಅಂಚೆಯವರು ಸ್ಟಾಂಪ್ ಪೇಪರಿನಲ್ಲಿ ಬರೆಸಿದರು. ಆ ಕಾಗದದಲ್ಲಿ ಏನೇನಿತ್ತು ಎನ್ನುವುದಕ್ಕಿಂತ ಏನೇನು ಇರಲಿಲ್ಲ ಎನ್ನುವುದೇ ಮುಂದೆ ಮುಖ್ಯವಾಯಿತು.

"ಹೆಡ್‌ರೂಮು ಬೇರೆ ಸಾರ್, ಅದು ಚದರದಲ್ಲಿ ಬರಲ್ಲ."

"ಮೆಟ್ಟಿಲು ಇಲ್ಲದೆ ಮನೆಗೆ ಹೇಗಯ್ಯಾ ಹತ್ತೋದು?"

"ಮೆಟ್ಟಿಲು ಐತೆ ಸಾರ್. ಮೆಟ್ಟಿಲ ಮೇಲಿನ ಕೋಣೆ ಇಲ್ಲ."

ಪ್ಯಾರಾಪೆಟ್ ಎರಡೂವರೆ ಅಡಿಯವರೆಗೆ ಒಳಗೆ, ಅದಕ್ಕೆ ಮೇಲೆ ಹೊರಗೆ. ಟ್ಯಾಂಕು ಒಳಗಲ್ಲ, ಟ್ಯಾಂಕಿನ ಕಟ್ಟೆ ಒಳಗೆ. ಕಿಟಕಿ ಒಳಗೆ, ಗ್ರಿಲ್ ಹೊರಗೆ. ಟೈಲ್ಸಿಗೆ ಅಡಿಗೆ ಐವತ್ತು ರೂಪಾಯಿವರೆಗೆ ಅವನದು, ಸೊಸೆಯಾಗುವವಳು ಆರಿಸಿದ್ದು ತೊಂಬತ್ತರದ್ದು. ಕಾಂಪೌಂಡ್, ಮಳೆನೀರು ಕೊಯ್ಲಿನ ಪೈಪು, ಕೆಡವಿದ ಪಾತ್ರೆ ಜಾಗದ ಅವಶೇಷ ಹೊತ್ತೊಯ್ಯುವ ಟ್ರ್ಯಾಕ್ಟರು, ಯಾವುದೂ ಕರಾರಿನಲ್ಲಿಲ್ಲ. ಮೇಸ್ತ್ರಿ ಮೋಸ ಮಾಡಿದನೆಂದು ಹೇಳಲಾರೆ. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ. ಕೇಳಬೇಕಾದ್ದು ಏನೆಂದು ಗೊತ್ತಿರುವುದು ಎರಡನೇ ಸಲ ಮನೆ ಕಟ್ಟುವವರಿಗೆ ಮಾತ್ರ, ಎರಡನೇ ಸಲ ಕಟ್ಟುವವರು ನಮ್ಮಲ್ಲಿ ಎಷ್ಟು ಜನ?

2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಯಜಮಾನರು ಪೇಪರ್ ಹಿಡಿದುಕೊಂಡು ಹೊರಗೆ ಬಂದರು. ಮೇಸ್ತ್ರಿ ಗೌರವದಿಂದಲೇ ಓದಿಸಿಕೊಂಡು, "ಮೆಟೀರಿಯಲ್ ನಂದಲ್ವಾ ಸಾರ್" ಎಂದ. ಅದೂ ಸರಿ. ಬೆಲೆ ಏರಿದ್ದರೆ ಇವರೇನು ಹೆಚ್ಚು ಕೊಡುತ್ತಿರಲಿಲ್ಲ ಎಂದು ನಾವು ಬೀದಿಯವರು ನ್ಯಾಯ ಹೇಳಿದೆವು. ಮನಸ್ಸಿನಲ್ಲಿ ಕೊಡಲೇಬೇಕಾಗುತ್ತಿತ್ತು ಎಂದು ನಮಗೂ ಗೊತ್ತಿತ್ತು.

ಮೋಲ್ಡಿನ ದಿನ ಬೀದಿಯೇ ಬೇರೆ. ಬೆಳಗ್ಗೆ ಆರಕ್ಕೆಲ್ಲ ಲಿಫ್ಟು ಕಟ್ಟಿದ ಮಿಕ್ಸರ್ ಯಂತ್ರ ಬಂದು ಅರ್ಧ ರಸ್ತೆ ಹಿಡಿಯಿತು. ಅದರ ಹಿಂದೆ ಯಾದಗಿರಿ ಕಡೆಯ ಆಳುಗಳ ಗುಂಪು, ಸೊಂಟಕ್ಕೆ ಕೂಸು ಕಟ್ಟಿಕೊಂಡ ಹೆಂಗಸರೂ ಇದ್ದರು. ಹಿಂದಿನ ದಿನವೇ ಕಂಬಿ ಕಟ್ಟುವವರು ಸೆಂಟ್ರಿಂಗ್ ಶೀಟಿನ ಮೇಲೆ ಕಂಬಿಯ ಚೌಕಗಳನ್ನು ಹೆಣೆದು ಮುಗಿಸಿದ್ದರು. ಕೆಳಗೆ ತುಂಡು ಸಿಮೆಂಟಿನ ಬಿಲ್ಲೆ ಇಟ್ಟು ಕಂಬಿಯನ್ನು ಶೀಟಿನಿಂದ ಎತ್ತಿದ್ದಾರೋ ಇಲ್ಲವೋ ಎಂದು ಎಂಜಿನಿಯರ್ ಬಗ್ಗಿ ಬಗ್ಗಿ ನೋಡಿದಳು. ಅಮ್ಮ ಒಂದು ಮೂಲೆಗೆ ಅರಿಸಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಆಮೇಲೆ ಯಂತ್ರದ ಅಬ್ಬರ ಶುರು. ಎಂಬತ್ತಕ್ಕೂ ಮಿಕ್ಕಿ ಮೂಟೆ ಸಿಮೆಂಟು, ಎಂ–ಸ್ಯಾಂಡು, ಜಲ್ಲಿ, ಒಂದರ ಹಿಂದೊಂದು ಡಬ್ಬಕ್ಕೆ ಬಿದ್ದು ಬೂದು ಬಣ್ಣದ ಗಂಜಿಯಾಗಿ ಮೇಲೇರಿತು. ಹುಡುಗನೊಬ್ಬ ಬೇಗ ಮುಗಿಯಲೆಂದು ಮಿಕ್ಸರಿಗೆ ಇನ್ನೊಂದು ಬಕೆಟ್ ನೀರು ಸುರಿಯಹೋದ. ಮೇಲಿಂದಲೇ ಎಂಜಿನಿಯರ್ ಕೂಗಿದ ಕೂಗಿಗೆ ಬಕೆಟ್ ಅಲ್ಲೇ ನಿಂತಿತು. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ. ಅದು ಆ ಹುಡುಗನಿಗೂ ಗೊತ್ತು. ಅವನ ಕೈನೋವಿಗೆ ಗೊತ್ತಿಲ್ಲ.

ಮಧ್ಯಾಹ್ನಕ್ಕೆ ಮೋಲ್ಡಿನ ಊಟ. ಆಳುಗಳು ಬಿರಿಯಾನಿ ಎಂದರು, ಆ ಮನೆಯಲ್ಲಿ ಅದು ಬೇಯುವುದಿಲ್ಲ. ದುಡ್ಡು ಕೈಗೆ ಬಂತು, ಬಿರಿಯಾನಿ ಗೇಟಿನ ಹೊರಗೆ ಬಂತು, ಪಾಯಸ ಮಾತ್ರ ಒಳಗಿನಿಂದ ಹೋಯಿತು.

ಮಾರನೆಯ ಬೆಳಗ್ಗೆ ತಾರಸಿಯ ತುಂಬ ಸಿಮೆಂಟಿನ ಸಣ್ಣ ಬದು ಕಟ್ಟಿ ಗದ್ದೆ ಮಾಡಿ ನೀರು ನಿಲ್ಲಿಸಿದರು. ಹದಿನಾಲ್ಕು ದಿನ ಒಣಗಬಾರದು ಎಂದು ಎಂಜಿನಿಯರ್ ಕಟ್ಟಪ್ಪಣೆ. ಎರಡು ದಿನಕ್ಕೊಂದು ಟ್ಯಾಂಕರ್. ಕಾವೇರಿ ನೀರು ಬಿಡೋಣವೆಂದರೆ 2024ರ ಮಾರ್ಚಿನ ಬರದಲ್ಲಿ, ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದು ಯಜಮಾನರಿಗೆ ನೆನಪಿತ್ತು. ಟ್ಯಾಂಕರಿನ ಬಾಬತ್ತೂ ಚದರದಲ್ಲಿ ಬರುವುದಿಲ್ಲ.

ಬ್ಯಾಂಕು ಹದಿನೈದು ಲಕ್ಷ ಕೊಟ್ಟಿತ್ತು. ಒಂದೇ ಸಲಕ್ಕಲ್ಲ, ಲಿಂಟಲಿಗೊಂದು ಕಂತು, ಮೋಲ್ಡಿಗೊಂದು, ಪ್ಲಾಸ್ಟರಿಗೊಂದು. ಪ್ರತಿ ಕಂತಿಗೂ ಬ್ಯಾಂಕಿನವರು ಬಂದು ನೋಡಿಹೋಗುವಷ್ಟರಲ್ಲಿ ಮೇಸ್ತ್ರಿ ಶನಿವಾರದ ಬಟವಾಡೆಗೆ ಬಾಗಿಲಲ್ಲಿ ನಿಂತಿರುತ್ತಿದ್ದ. ಹಾಗೆ ಒಡೆದದ್ದು ಎಫ್‌ಡಿ. ಎಲ್ಲ ಮುಗಿದು ಲೆಕ್ಕ ಕೂಡಿಸಿದಾಗ 23 ಲಕ್ಷ 80 ಸಾವಿರ, ಅಂದರೆ ಚದರಕ್ಕೆ ಎರಡು ಲಕ್ಷ ಎಂಬತ್ತು ಸಾವಿರ. ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ ಹದಿನೈದು ವರ್ಷ ತಿಂಗಳಿಗೆ 14,770. ಒಡೆದ ಎಫ್‌ಡಿಯಿಂದ ಬರಬೇಕಿದ್ದ ಬಡ್ಡಿ ಶೇ 7ರಂತೆ ಹಿಡಿದರೆ ತಿಂಗಳಿಗೆ ಐದು ಸಾವಿರದ ಮೇಲೆ. ಎರಡೂ ಸೇರಿ ಇಪ್ಪತ್ತು ಸಾವಿರದ ಹತ್ತಿರ ಬರುತ್ತದೆ, ಆ ಬೀದಿಯಲ್ಲಿ ಮೇಲಿನ ಮನೆಗೆ ಬರಬಹುದಾದ ಬಾಡಿಗೆಯೂ ಅಷ್ಟೇ. ಬಾಡಿಗೆಯೇ ಕಂತು ಕಟ್ಟುತ್ತದೆ ಎಂದು ಯಜಮಾನರು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ಅಮ್ಮ ಬಾಯಿಬಿಟ್ಟರು: "ಮಗನ ಹತ್ರ ಬಾಡಿಗೆ ಕೇಳ್ತೀರೇನ್ರೀ?"

ಮೇಲಿನ ಮನೆಗೆ ಬೇರೆ ಮೀಟರ್ ಬೇಕಿತ್ತು. ಅದೊಂದು ಅಡ್ಡಿಯಾಗಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಕಟ್ಟಡ ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪತ್ರವಿಲ್ಲದೆ ವಿದ್ಯುತ್, ನೀರು ಕೊಡಕೂಡದೆಂದು ಹೇಳಿದ ಮೇಲೆ ರಾಜ್ಯದಾದ್ಯಂತ ಸಾವಿರಾರು ಹೊಸ ಮನೆಗಳು ದೀಪವಿಲ್ಲದೆ ನಿಂತಿದ್ದವು. 2025ರ ಅಕ್ಟೋಬರಿನಲ್ಲಿ ಸರ್ಕಾರ ಬೆಂಗಳೂರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ವಾಸದ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟಿತು. ಇವರ ಸೈಟು ಸರಿಯಾಗಿ 1,200. ಒಂದಡಿ ಹೆಚ್ಚಿದ್ದರೂ ಕಥೆ ಬೇರೆ. ಪತ್ರಕ್ಕೆ ವಿನಾಯಿತಿ ಸಿಕ್ಕಿತೆಂದರೆ ನಕ್ಷೆಗೂ ಸಿಕ್ಕಿತೆಂದೇ ಬೀದಿಯ ಅರ್ಧ ಜನ ತಿಳಿದರು. ಹಾಗಲ್ಲ ಎಂದು ಯಜಮಾನರು ಮಂಜೂರಾದ ನಕ್ಷೆಯನ್ನೇ ತೋರಿಸಿ ಪಾಠ ಹೇಳತೊಡಗಿದರು. ಪಾತ್ರೆ ಜಾಗ ಕೆಡವಿಸಿಕೊಂಡವರಿಗೆ ಅಷ್ಟು ಹಕ್ಕಿದೆ.

ಹಾಲು ಉಕ್ಕಿಸಿದ ದಿನ ಬಂದವರೆಲ್ಲ ಮೊದಲು ಟೈಲ್ಸ್ ನೋಡಿದರು, ಆಮೇಲೆ ಬಚ್ಚಲಿನ ನಲ್ಲಿ ತಿರುಗಿಸಿದರು, ಕೊನೆಗೆ ಎಲ್ಲರೂ ಕೇಳುವ ಆ ಮಾತು ಕೇಳಿದರು. ಕೇಳಿದವರು ಪಕ್ಕದ ಅಡ್ಡರಸ್ತೆಯವರು. ಅವರ ಮನೆಯ ಮೇಲೂ ಕಂಬಿ ಬಿಟ್ಟಿದೆಯಂತೆ.

"ರಾಯರೇ, ಚದರಕ್ಕೆ ಎಷ್ಟಾಯ್ತು?"

"ಎರಡು," ಎಂದರು ಯಜಮಾನರು, ಬಾಳೆ ಎಲೆ ನೀಟಾಗಿ ಹಾಸುತ್ತಾ. "ಹೆಚ್ಚುಕಡಿಮೆ ಎರಡು."

ಬಡಿಸಲು ಬರುತ್ತಿದ್ದ ಅಮ್ಮ ಕೋಸಂಬರಿಯ ಪಾತ್ರೆ ಹಿಡಿದು ಅಲ್ಲೇ ನಿಂತರು. ಬಂದವರು ಮೊಬೈಲು ತೆಗೆದು, ತಮ್ಮ ಮನೆಯ ಹತ್ತು ಚದರಕ್ಕೆ ಇಪ್ಪತ್ತು ಲಕ್ಷ ಎಂದು ಗುಣಿಸಿಕೊಂಡು, ಮೇಸ್ತ್ರಿಯ ನಂಬರ್ ಕೇಳಿದರು.

"ಮೇಸ್ತ್ರಿದು ಆಮೇಲೆ," ಎಂದರು ಅಮ್ಮ. "ಮೊದ್ಲು ಆ ಎಂಜಿನಿಯರ್ ಹುಡುಗೀದು ಬರ್ಕೊಳಿ."